ಐರ್ಲೆಂಡ್‌ನ ಹಳ್ಳಿಗಳಲ್ಲಿ ದುಡ್ಡೇ ಇಲ್ಲದೆ ವ್ಯಾಪಾರ ನಡೀತಿತ್ತಾ?

ಸಂತೆಪೇಟೆ:
ಐರ್ಲೆಂಡ್‌ನ ಹಳೇ ಹಳ್ಳಿಗಳ ಬಗ್ಗೆ ಎಲ್ಲಿ ಓದಿದರೂ ಅದೇ ಚಿತ್ರ. ಮೊಟ್ಟೆ ಕೊಟ್ಟು ಚಹಾಪುಡಿ ತರ್ತಿದ್ದರು, ಆಲೂಗಡ್ಡೆ ಕೊಟ್ಟು ಮೀನು ತರ್ತಿದ್ದರು, ದುಡ್ಡಿನ ಮುಖ ನೋಡಿದವರೇ ಇಲ್ಲ. ಹಾಗಾದರೆ ಗೇಣಿ ಹೇಗೆ ಕಟ್ಟುತ್ತಿದ್ದರು? ಜಮೀನ್ದಾರ ಮೊಟ್ಟೆ ಇಸ್ಕೋತಿದ್ದನಾ? 1800ರಿಂದ 1950ರ ತನಕದ ಕಾಲ ನನ್ನ ತಲೆಯಲ್ಲಿರೋದು. ಹಾಗೇ ದನದ ಸಂತೆಯಲ್ಲಿ ಬೆಲೆ ಹೇಗೆ ಕುದುರುತ್ತಿತ್ತು ಅಂತ ಬಲ್ಲವರು ಬಿಡಿಸಿ ಹೇಳಿ. "ಅಂಗೈಗೆ ಉಗುಳಿ ಹೊಡೀತಿದ್ದರು" ಅನ್ನೋದು ಗೊತ್ತು, ಅದರಾಚೆಗಿನದು ಬೇಕು.

ಹಳೇಲೆಕ್ಕ:
ಗೇಣಿ ನಗದು. ಅದರಲ್ಲಿ ರಿಯಾಯಿತಿ ಇರಲಿಲ್ಲ. ವರ್ಷಕ್ಕೆ ಎರಡು ಕಂತು, ಮೇ ಮತ್ತು ನವೆಂಬರ್. ಉಳಿದ ಎಲ್ಲ ವ್ಯವಹಾರವೂ ಈ ಎರಡು ದಿನಗಳ ಸುತ್ತ ಸುತ್ತುತ್ತಿತ್ತು. ಓಟ್ಸ್ ಬೆಳೆದರೆ ಮಾರಿಬಿಡೋದು, ಆಲೂಗಡ್ಡೆ ತಿನ್ನೋದು. ಬೆಣ್ಣೆ ಮಾರೋದು, ಮಜ್ಜಿಗೆ ಕುಡಿಯೋದು. ಹಂದಿ ಸಾಕೋದು ಕುಟುಂಬದ ಊಟಕ್ಕಲ್ಲ. ಅದಕ್ಕೆ ಅಲ್ಲಿನವರು ಇಟ್ಟಿದ್ದ ಹೆಸರೇ "ಗೇಣಿ ಕಟ್ಟುವ ಮಹಾಶಯ". ಆಲೂಗಡ್ಡೆ ಸಿಪ್ಪೆ, ತಿನ್ನಲಾಗದ ಸಣ್ಣ ಗಡ್ಡೆ ಎಲ್ಲ ಅದರ ಹೊಟ್ಟೆಗೆ ಹೋಗಿ ನಗದಾಗಿ ಹೊರಬರ್ತಿತ್ತು.

ಇನ್ನೊಂದು ವಿಷಯ. ಅನೇಕ ಎಸ್ಟೇಟುಗಳಲ್ಲಿ ಹೊಸ ಗೇಣಿದಾರನಿಗೆ ಮೊದಲ ಆರು ತಿಂಗಳ ಬಾಕಿಯನ್ನು ಹಾಗೇ ನೇತುಬಿಡುತ್ತಿದ್ದರು. ಉಪಕಾರದ ಹಾಗೆ ಕಾಣುತ್ತೆ. ಆದರೆ ಅವನು ಆವತ್ತಿನಿಂದಲೇ ಸಾಲಗಾರ, ಯಾವಾಗ ಬೇಕಾದರೂ ಬಾಕಿ ನೆಪದಲ್ಲಿ ದನ ಜಪ್ತಿ ಮಾಡಿ ದೊಡ್ಡಿಗೆ ಹೊಡೆಯಬಹುದು.

ಬೆಣಚುಕಲ್ಲು:
ಮೇ 1ನೇ ತಾರೀಕಾ, 12ನೇ ತಾರೀಕಾ? ಎರಡೂ ನೋಡಿದ್ದೀನಿ.

ಹಳೇಲೆಕ್ಕ:
ಎರಡೂ ಸರಿ. 1752ರಲ್ಲಿ ಕ್ಯಾಲೆಂಡರ್ ಬದಲಾಗಿ 11 ದಿನ ಹಾರಿಹೋಯಿತು. ಹುಲ್ಲು ಚಿಗುರೋದು, ದನ ಕೊಬ್ಬೋದು ಕ್ಯಾಲೆಂಡರ್ ನೋಡಿಕೊಂಡು ಅಲ್ಲವಲ್ಲ. ಹಾಗಾಗಿ ಎಷ್ಟೋ ಊರುಗಳ ಸಂತೆ "ಹಳೇ ಮೇ ದಿನ" ಅಂತ 12ಕ್ಕೇ ಉಳಿಯಿತು. ನವೆಂಬರ್ 12ರದ್ದೂ ಅದೇ ಕಥೆ.

ತಕ್ಕಡಿ:
ಹಳೇಲೆಕ್ಕ ಅವರು ಹೇಳಿದ್ದು ಜಮೀನು ಇದ್ದವರ ಮಾತು. ಕೂಲಿಯವನದ್ದು ಬೇರೆ. ಆಲೂಗಡ್ಡೆಗೆ ರೋಗ ಬಡಿದು ಬಂದ ಮಹಾ ಬರಗಾಲಕ್ಕೆ ಮುಂಚೆ, ಅಂದರೆ 1845ಕ್ಕೆ ಹಿಂದೆ, ಲಕ್ಷಾಂತರ ಕುಟುಂಬಗಳ ಕೈಗೆ ಕೂಲಿ ಹಣ ಬರ್ತಾನೇ ಇರಲಿಲ್ಲ. ರೈತ ಒಂದು ಗುಡಿಸಲು, ಕಾಲು ಎಕರೆ ಆಲೂಗಡ್ಡೆ ನೆಲ ಒಂದು ಬೆಳೆಗೆ ಮಾತ್ರ ಕೊಡ್ತಿದ್ದ. ಅದರ ಬಾಡಿಗೆಯನ್ನು ದುಡಿದು ತೀರಿಸಬೇಕು. ಗೊಬ್ಬರ ಹಾಕಿದ ನೆಲವಾದರೆ ಎಕರೆಗೆ 10 ಪೌಂಡ್ ತನಕ ಹೋಗ್ತಿತ್ತು (ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್). ದಿನಗೂಲಿ 8 ಪೆನ್ಸ್ ಅಂತಲೇ ಹಿಡಿಯಿರಿ (6 ಪೆನ್ಸೂ ಇತ್ತು). ಕಾಲು ಎಕರೆಗೆ ಎರಡೂವರೆ ಪೌಂಡ್, ಅಂದರೆ 600 ಪೆನ್ಸ್, ಅಂದರೆ 75 ದಿನದ ದುಡಿತ. ಗುಡಿಸಲಿನ ಬಾಡಿಗೆ ಬೇರೆ. ಲೆಕ್ಕ ಇಡೋದು ಕೋಲಿನ ಮೇಲೆ ಗೀಟು ಕೊರೆದು.

ಇಲ್ಲಿ ಪೆನ್ಸ್ ಬರೀ ಅಳತೆಗೋಲು, ನಾಣ್ಯ ಕೈ ಬದಲಾಯಿಸೋದೇ ಇಲ್ಲ. ಬೆಳೆ ಕೊಳೆತರೆ? ದುಡಿತದ ಬಾಕಿ ಮಾತ್ರ ಕೊಳೆಯಲ್ಲ.

ಸಂತೆಪೇಟೆ:
ಹಾಗಾದರೆ ಬರಗಾಲದಲ್ಲಿ ಸರ್ಕಾರ ರಸ್ತೆ ಕೆಲಸ ಮಾಡಿಸಿ ನಗದು ಕೂಲಿ ಕೊಟ್ಟಿತಲ್ಲ, ಅದು ಯಾಕೆ ಉಪಯೋಗಕ್ಕೆ ಬರಲಿಲ್ಲ?

ತಕ್ಕಡಿ:
ಪಶ್ಚಿಮದ ಎಷ್ಟೋ ಕಡೆ ಊಟದ ಸಾಮಾನು ಮಾರೋ ಅಂಗಡಿಯೇ ಇರಲಿಲ್ಲ. ಎಲ್ಲರೂ ತಾವೇ ಬೆಳೆದದ್ದನ್ನು ತಿನ್ನೋರು, ಅಲ್ಲಿ ದಿನಸಿ ಅಂಗಡಿ ಯಾಕೆ ಇರುತ್ತೆ? 1845ರ ನವೆಂಬರಿನಲ್ಲಿ ಬ್ರಿಟಿಷ್ ಪ್ರಧಾನಿ ಪೀಲ್ ಸರ್ಕಾರ ಬೇರಿಂಗ್ ಬ್ಯಾಂಕಿನವರ ಮೂಲಕ ಗುಟ್ಟಾಗಿ 1 ಲಕ್ಷ ಪೌಂಡಿನ ಅಮೆರಿಕನ್ ಮೆಕ್ಕೆಜೋಳ ತರಿಸಿತು. ಮುಂದಿನ ವರ್ಷ ಬಂದ ಸರ್ಕಾರ ಆಹಾರ ತರಿಸೋ ಕೆಲಸವನ್ನು ವ್ಯಾಪಾರಿಗಳಿಗೆ ಬಿಟ್ಟುಬಿಟ್ಟಿತು. ಕೂಲಿ ಒಂದೇ ಕಡೆ ನಿಂತಿತು, ಹಿಟ್ಟಿನ ಬೆಲೆ ಏರಿತು. ಅಲ್ಲಿಂದಾಚೆ ಹಿಟ್ಟಿನ ಅಂಗಡಿ ಮೂಲೆಮೂಲೆಗೂ ಬಂತು, ಅದರ ಬೆನ್ನಿಗೇ ಉದ್ದರಿ ಪುಸ್ತಕವೂ.

ಮೂರನೇಹಲ್ಲು:
ದನದ ಸಂತೆ ಕೇಳಿದ್ದಿರಿ. ಉದ್ದ ಆಗುತ್ತೆ, ತಾಳ್ಮೆ ಇದ್ದರೆ ಓದಿ.

ಸಂತೆ ಅಂದರೆ ಪಟ್ಟಣದ ಬೀದಿಯೇ. ಅಂಗಡಿಯವರು ಹಿಂದಿನ ದಿನವೇ ಕಿಟಕಿಗಳಿಗೆ ಅಡ್ಡ ಹಲಗೆ ಹೊಡೆದಿಟ್ಟುಕೊಳ್ಳೋರು. ದೂರದವರು ರಾತ್ರಿಯೇ ದನ ಹೊಡ್ಕೊಂಡು ಹೊರಟು ಬೆಳಕು ಹರಿಯೋ ಮುಂಚೆ ಬಂದು ನಿಲ್ಲಬೇಕು. ಊರಿಗೆ ಒಂದೆರಡು ಮೈಲಿ ಇರುವಾಗಲೇ ವ್ಯಾಪಾರಿಗಳು ರಸ್ತೆಯಲ್ಲಿ ಅಡ್ಡ ಹಾಕಿ ಬೆಲೆ ಕೇಳ್ತಾರೆ. ಇದೇ ಮೊದಲ ಸಿಕ್ಕು. ಅಲ್ಲೇ ಕೊಟ್ಟರೆ ಸಂತೆಯ ಬೆಲೆ ಏರಿದ್ದರೂ ಇವನಿಗೆ ಗೊತ್ತಾಗಲ್ಲ. ಕೊಡದೆ ಮುಂದೆ ಹೋಗಿ ಸಂತೆ ಬಿದ್ದುಹೋಗಿದ್ದರೆ ಸಂಜೆ ಅದೇ ದನ ವಾಪಸ್ ಹೊಡ್ಕೊಂಡು ಹೋಗಬೇಕು. ಗೇಣಿ ದಿನ ಹತ್ತಿರ ಇದೆ ಅಂತ ವ್ಯಾಪಾರಿಗೂ ಗೊತ್ತು.

ಬೆಲೆ ಕುದುರೋದು ಮೂವರ ಆಟ: ಮಾರುವವನು, ಕೊಳ್ಳುವವನು, ದಲ್ಲಾಳಿ. ಉದಾಹರಣೆಗೆ ಮಾರುವವನು 14 ಪೌಂಡ್ ಅಂತಾನೆ. ಕೊಳ್ಳುವವನು ದನದ ಬಗ್ಗೆ ನಾಲ್ಕು ಕೆಟ್ಟ ಮಾತಾಡಿ 11 ಅಂದು ತಿರುಗಿ ನಡೆದುಬಿಡ್ತಾನೆ. ದಲ್ಲಾಳಿ ಓಡಿಹೋಗಿ ಅವನ ತೋಳು ಹಿಡಿದು ಎಳೆದು ತರ್ತಾನೆ. 12 ಆಗುತ್ತೆ, ಮತ್ತೆ ಹೋಗ್ತಾನೆ. ಮಾರುವವನು 13ಕ್ಕೆ ಇಳೀತಾನೆ. ಈಗ ಉಳಿದದ್ದು ಒಂದು ಪೌಂಡ್. ದಲ್ಲಾಳಿ ಇಬ್ಬರ ಕೈಯನ್ನೂ ಬಲವಂತವಾಗಿ ಹಿಡಿದು "ಅರ್ಧಕ್ಕರ್ಧ ಮಾಡಿ" ಅಂತಾನೆ. 12 ಪೌಂಡ್ 10 ಶಿಲ್ಲಿಂಗ್. ಅಂಗೈಗೆ ಉಗುಳಿ ಫಟ್ ಅಂತ ಹೊಡೆದರೆ ಮುಗೀತು. ಸುತ್ತ ನಿಂತವರೇ ಸಾಕ್ಷಿ, ಕಾಗದ ಇಲ್ಲ. ದಲ್ಲಾಳಿ ಯಾರ ಕಡೆಯವನೂ ಅಲ್ಲ ಅನ್ನೋ ಹಾಗೆ ನಟಿಸ್ತಾನೆ, ಅವನಿಗೆ ಕೆಲವು ಶಿಲ್ಲಿಂಗ್ ಕೊಡೋನು ಸಾಮಾನ್ಯವಾಗಿ ವ್ಯಾಪಾರಿಯೇ.

ಕೈ ಹೊಡೆದ ತಕ್ಷಣ ಗುರುತು ಹಾಕಬೇಕು. ಬೀದಿಯ ಕೆಸರು ಬೆರಳಿಗೆ ಹಚ್ಚಿ ಸೊಂಟದ ಮೇಲೆ ಒಂದು ಗೆರೆ, ಇಲ್ಲವೇ ಕತ್ತರಿಯಲ್ಲಿ ರೋಮಕ್ಕೆ ಒಂದು ಕಚ್ಚು, ಇಲ್ಲವೇ ಕೆಮ್ಮಣ್ಣು. ಗುರುತು ಬಿದ್ದ ದನದ ಬೆಲೆ ಇನ್ನೊಬ್ಬ ಕೇಳೋ ಹಾಗಿಲ್ಲ. ದುಡ್ಡು ಅಲ್ಲೇ ಸಿಗಲ್ಲ, ವ್ಯಾಪಾರಿ ಹೇಳಿದ ಹೆಂಡದಂಗಡಿಗೋ ರೈಲ್ವೆ ಸ್ಟೇಷನ್ನಿಗೋ ದನ ತಲುಪಿಸಿ ಎಣಿಸಿಕೊಳ್ಳಬೇಕು. ಎಣಿಸಿದ ಮೇಲೆ ಮಾರಿದವನು ಅದರಿಂದ ಒಂದಿಷ್ಟು ಕೊಂಡವನಿಗೆ ವಾಪಸ್ ಕೊಡ್ತಾನೆ, ಅದು ಲಕ್ ಪೆನಿ. ಬುದ್ಧಿವಂತ ವ್ಯಾಪಾರಿ ಇದನ್ನೂ ಕೈ ಹೊಡೆಯೋ ಮುಂಚೆಯೇ ಮಾತಾಡಿಕೊಂಡಿರ್ತಾನೆ. ಇಲ್ಲದಿದ್ದರೆ ಕೊನೆಯಲ್ಲಿ ಅದಕ್ಕೇ ಇನ್ನೊಂದು ಜಗಳ.

ಕಂಬಳಿಗುಡ್ಡ:
ನಮ್ಮ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೇಲಿ ಟವೆಲ್ ಅಡಿ ಬೆರಳು ಹಿಡಿದು ಬೆಲೆ ಹೇಳ್ತಾರಲ್ಲ, ಅದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಪಕ್ಕದವನಿಗೂ ತಿಳೀಬಾರದು, ಅಲ್ಲಿ ಬೀದಿಗೆಲ್ಲ ಕೇಳಬೇಕು.

ಮೂರನೇಹಲ್ಲು:
ಹೌದು, ಅಲ್ಲಿ ಗುಂಪೇ ಕರಾರುಪತ್ರ.

ಇನ್ನು ಮೋಸ. ಹಾಲಿನ ಹಸು ಮಾರುವಾಗ ಹಿಂದಿನ ದಿನದಿಂದ ಕರೆಯದೆ ಬಿಟ್ಟು ಕೆಚ್ಚಲು ಬಿಗಿಯೋ ಹಾಗೆ ಮಾಡೋದು. ಇದರಿಂದ ಹಸುವಿಗೆ ಕೆಚ್ಚಲು ಬಾವು ಬರೋದೂ ಉಂಟು, ಅದು ಗೊತ್ತಾಗೋದು ಕೊಂಡವನ ಕೊಟ್ಟಿಗೆಯಲ್ಲಿ. ಕೊಂಬಿನ ಉಂಗುರ ಎಣಿಸಿ ವಯಸ್ಸು ಹೇಳ್ತಾರೆ ಅಂತ ಉಂಗುರಗಳನ್ನು ಅರದಿಂದ ಉಜ್ಜೋದು. ಕುದುರೆಯ ಹಲ್ಲು ಕೊರೆದು ಕಪ್ಪು ಮಾಡಿ ಎಳೇದು ಅಂತ ತೋರಿಸೋದು. ಅನುಭವಸ್ಥರು ಹಲ್ಲಿನ ಕಪ್ಪು ಗುಳಿ ನೋಡಲ್ಲ, ಹಲ್ಲಿನ ಓರೆ ಮತ್ತು ಮೇಲ್ಮೈ ಆಕಾರ ನೋಡ್ತಾರೆ. ಗುಳಿ ಕೊರೆಯಬಹುದು, ಓರೆ ತಿದ್ದಕ್ಕಾಗಲ್ಲ.

ಬೆಣಚುಕಲ್ಲು:
ಸುಂಕ ಬಿಟ್ಟುಬಿಟ್ರಿ. ಸಂತೆ ನಡೆಸೋ ಹಕ್ಕು ರಾಜನ ಸನದಿನಿಂದ ಜಮೀನ್ದಾರನಿಗೆ ಬಂದಿರೋದು. ಅವನು ಸುಂಕ ವಸೂಲಿಯನ್ನು ಗುತ್ತಿಗೆ ಕೊಡೋನು. ಊರಿನ ಎಲ್ಲ ದಾರಿಗಳಲ್ಲಿ ಗುತ್ತಿಗೆದಾರನ ಆಳುಗಳು ನಿಂತಿರೋರು. ಬಹಳ ಕಡೆ ಮಾರಾಟವಾದ ದನಕ್ಕೆ ಮಾತ್ರ ಸುಂಕ. ಹಾಗಾಗಿ ವಾಪಸ್ ಹೋಗೋರೆಲ್ಲ "ಮಾರಲಿಲ್ಲ" ಅನ್ನೋರೇ. ಪ್ರಮಾಣ ಮಾಡಿ ಅಂತ ಕೇಳೋರು, ಬಡಿದಾಟ ಆಗೋದು.

ಕಿಲ್ಲಾರ್ಗ್ಲಿನ್‌ನ ಪಕ್ ಸಂತೆಗೂ 1613ರ ಸನದಿದೆ. ಆಗಸ್ಟ್ 10ರಿಂದ 12, ಬೆಟ್ಟದ ಹೋತವನ್ನು ಹಿಡಿದು ತಂದು ಅಟ್ಟಣೆ ಮೇಲೆ ಕಿರೀಟ ಹಾಕಿ ಕೂರಿಸ್ತಾರೆ.

ನಿದ್ದೆಗಣ್ಣ:
ಹೋತಕ್ಕೆ ಯಾಕೆ ಕಿರೀಟ??

ಬೆಣಚುಕಲ್ಲು:
ಹತ್ತು ಕಥೆಗಳಿವೆ, ಒಂದಕ್ಕೂ ಆಧಾರ ಇಲ್ಲ. ದನದ ವ್ಯಾಪಾರಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ಗಡಿಗೆಬೆಣ್ಣೆ:
ದನ, ಹಂದಿ ಅಂತಲೇ ಹೇಳ್ತಿದ್ದೀರಿ. ಕಾರ್ಕ್ ಮತ್ತು ಕೆರ್ರಿ ಕಡೆ ಗೇಣಿ ಕಟ್ಟಿದ್ದು ಬೆಣ್ಣೆ.

ಕಾರ್ಕ್ ನಗರದ ವ್ಯಾಪಾರಿಗಳ ಸಮಿತಿ 1769-70ರಲ್ಲಿ ಬೆಣ್ಣೆ ಮಾರುಕಟ್ಟೆಗೆ ಕಟ್ಟುನಿಟ್ಟು ತಂದಿತು. ಬೆಣ್ಣೆ ಬರೋದು ಫರ್ಕಿನ್ ಅನ್ನೋ ಮರದ ಪೀಪಾಯಿಯಲ್ಲಿ, ಒಂದಕ್ಕೆ ಕನಿಷ್ಠ 56 ಪೌಂಡ್ ತೂಕದ ಬೆಣ್ಣೆ ಹಿಡಿಯುತ್ತೆ. ಎರಡು ಮೂರು ಹಸುವಿನ ಮನೆಯವರು ಒಂದು ಪೀಪಾಯಿ ತುಂಬಿಸೋಕೆ ವಾರಗಟ್ಟಲೆ ಬೇಕು. ಒಂದೊಂದು ಸಲ ಕಡೆದದ್ದನ್ನು ಉಪ್ಪು ಬೆರೆಸಿ ಒತ್ತಿ, ಅದರ ಮೇಲೆ ಮುಂದಿನ ಸಲದ್ದು. ಇದೇ ಸಮಸ್ಯೆ. ತಳದ್ದು ಹಳೇದು, ಮೇಲಿನದು ಹೊಸದು, ಒಂದು ಪದರಕ್ಕೆ ಉಪ್ಪು ಜಾಸ್ತಿ, ಇನ್ನೊಂದಕ್ಕೆ ಬಣ್ಣ ಕಮ್ಮಿ. ಮಜ್ಜಿಗೆ ಸರಿಯಾಗಿ ಹಿಂಡದಿದ್ದರೆ ಆ ಪದರದಿಂದಲೇ ಕಮಟು ಶುರು.

ಪರೀಕ್ಷಕ ಉದ್ದನೆಯ ಟೊಳ್ಳು ಸಲಾಕೆಯನ್ನು ಮೇಲಿಂದ ತಳದ ತನಕ ತಿರುಗಿಸಿ ಇಳಿಸಿ ಎಳೀತಾನೆ. ಎಲ್ಲ ಪದರವೂ ಒಂದೇ ಕಡ್ಡಿಯ ಹಾಗೆ ಹೊರಗೆ ಬರುತ್ತೆ. ಮೂಸಿ, ರುಚಿ ನೋಡಿ, ಒಂದರಿಂದ ಆರರ ತನಕ ದರ್ಜೆಯ ಮುದ್ರೆ. ನಡುವೆ ಕೆಟ್ಟ ಬೆಣ್ಣೆ ಬಚ್ಚಿಟ್ಟವರು ಅಲ್ಲೇ ಸಿಕ್ಕಿಬೀಳ್ತಿದ್ದರು. ಪೀಪಾಯಿಯ ತೂಕದ್ದೂ ತಕರಾರು, ಯಾಕಂದರೆ ಒಣಗಿದ ಮರ ಉಪ್ಪುನೀರು ಕುಡಿದು ಭಾರ ಆಗುತ್ತೆ. ಆ ಭಾರವನ್ನು ಬೆಣ್ಣೆ ಅಂತ ಮಾರೋಕೆ ಒಬ್ಬ ನೋಡ್ತಾನೆ, ಬೇಕಾದ್ದಕ್ಕಿಂತ ಜಾಸ್ತಿ ಕಳೆಯೋಕೆ ಇನ್ನೊಬ್ಬ ನೋಡ್ತಾನೆ.

ಸಂತೆಪೇಟೆ:
ಕೆರ್ರಿಯಿಂದ ಕಾರ್ಕ್‌ಗೆ ಹೇಗೆ ಬರ್ತಿತ್ತು?

ಗಡಿಗೆಬೆಣ್ಣೆ:
ಮೊದಲು ಕುದುರೆ ಬೆನ್ನ ಮೇಲೆ, ಅತ್ತ ಒಂದು ಇತ್ತ ಒಂದು ಪೀಪಾಯಿ. 1748ರಲ್ಲಿ ಜಾನ್ ಮರ್ಫಿ ಅನ್ನೋನು ಆ ಕಡೆಯಿಂದ ಕಾರ್ಕ್‌ಗೆ ಸುಂಕದ ರಸ್ತೆ ಕಟ್ಟಲು ಅನುಮತಿ ತಗೊಂಡ. ಈಗಲೂ ಅದನ್ನು ಬೆಣ್ಣೆ ರಸ್ತೆ ಅಂತಲೇ ಕರೀತಾರೆ. ಗಾಡಿ ಬಂದಮೇಲೆ ಗಾಡಿಯವನೇ ಊರಿನ ಬ್ಯಾಂಕು: ಹತ್ತಾರು ಮನೆಯ ಬೆಣ್ಣೆ ಒಯ್ದು, ದುಡ್ಡು ಎಣಿಸಿಕೊಂಡು, ಹೇಳಿದ ಉಪ್ಪು, ಕಬ್ಬಿಣ, ಚಹಾ ಕೊಂಡು ತರೋದು.

ಆದರೆ ಕಾರ್ಕ್‌ನ ವ್ಯಾಪಾರಿ ಬೆಣ್ಣೆಯ ಮೇಲೆ ಮುಂಗಡ ಕೊಡ್ತಿದ್ದ. ಮುಂಗಡ ತಿಂದವನು ಮುಂದಿನ ವರ್ಷದ ಬೆಣ್ಣೆಯನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ. ಇದನ್ನು ಮುಕ್ತ ಮಾರುಕಟ್ಟೆ ಅಂತ ಹೊಗಳೋರು ಈ ಪುಟ ಹಾರಿಸಿ ಓದ್ತಾರೆ.

1880ರ ದಶಕಕ್ಕೆ ಡೆನ್ಮಾರ್ಕಿನ ಬೆಣ್ಣೆ ಇಂಗ್ಲೆಂಡಿನಲ್ಲಿ ಇದನ್ನು ಹೊಡೆದುಹಾಕಿತು. ಕಡಿಮೆ ಉಪ್ಪು, ಎಲ್ಲ ಪೀಪಾಯಿಯೂ ಒಂದೇ ರುಚಿ. ಅದಕ್ಕೆ ಉತ್ತರವಾಗಿ 1889ರಲ್ಲಿ ಡ್ರಮ್‌ಕಾಲಹರ್‌ನಲ್ಲಿ ಮೊದಲ ಸಹಕಾರಿ ಕ್ರೀಮರಿ, ಅಂದರೆ ಊರಿನವರ ಹಾಲು ಕೂಡಿಸಿ ಬೆಣ್ಣೆ ತೆಗೆಯೋ ಕಾರ್ಖಾನೆ. ಕಾರ್ಕ್ ಮಾರುಕಟ್ಟೆ 1924ರಲ್ಲಿ ಮುಚ್ಚಿತು.

ಅಮಟೆಕಾಯಿ:
ಕ್ರೀಮರಿ ಬಂದು ಒಳ್ಳೇದಾಯ್ತು ಅಂತ ಎಲ್ಲರೂ ಬರೀತಾರೆ. ಮನೇಲಿ ಬೆಣ್ಣೆ ಕಡೆದು ಮಾರಿದ ದುಡ್ಡು ಹೆಂಗಸಿನ ಕೈಗೆ ಬರ್ತಿತ್ತು. ಹಾಲೇ ಗಾಡಿ ಹತ್ತಿ ಕ್ರೀಮರಿಗೆ ಹೋದಮೇಲೆ ತಿಂಗಳ ಚೆಕ್ ಗಂಡಸಿನ ಹೆಸರಿಗೆ. ಅವಳಿಗೆ ಉಳಿದದ್ದು ಮೊಟ್ಟೆ.

ಮೂಲ ಪ್ರಶ್ನೆಯ ಮೊಟ್ಟೆ-ಚಹಾ ಅದಲುಬದಲು ಇದೇ. ಅಂಗಡಿಯವನು ಮೊಟ್ಟೆಗೆ ನಗದು ಕೊಡಲ್ಲ, ಚಹಾ, ಸಕ್ಕರೆ, ತಂಬಾಕು ಕೊಡ್ತಾನೆ. ಮೊಟ್ಟೆಯ ಬೆಲೆಯೂ ಅವನದೇ, ಚಹಾದ ಬೆಲೆಯೂ ಅವನದೇ. ಎರಡು ಕಡೆಯಿಂದಲೂ ಲಾಭ. ಹಳ್ಳಿಹಳ್ಳಿಗೆ ಗಾಡಿಯಲ್ಲಿ ಬರ್ತಿದ್ದ ಮೊಟ್ಟೆ ವ್ಯಾಪಾರಿಯೂ ಇದನ್ನೇ ಮಾಡ್ತಿದ್ದ.

ತೂಕಕ್ಕಲ್ಲ, ಎಣಿಕೆಗೆ ಕೊಳ್ಳೋದರಿಂದ ದೊಡ್ಡ ಮೊಟ್ಟೆಗೂ ಸಣ್ಣದಕ್ಕೂ ಒಂದೇ ಬೆಲೆ. ಹಾಗಾಗಿ ಒಳ್ಳೆ ತಳಿ ಸಾಕೋಕೆ ಕಾರಣವೇ ಇಲ್ಲ. ಚಳಿಗಾಲಕ್ಕೆ ಕೋಳಿ ಇಡೋದು ಕಡಿಮೆ ಆಗಿ ಬೆಲೆ ಏರುತ್ತೆ ಅಂತ ಶರತ್ಕಾಲದ ಮೊಟ್ಟೆಯನ್ನು ಕೂಡಿಡೋರು. ಅದು ಒದ್ದೆ ಹುಲ್ಲಿನಲ್ಲಿ ಪ್ಯಾಕ್ ಆಗಿ ಲಿವರ್‌ಪೂಲ್ ಸೇರೋ ಹೊತ್ತಿಗೆ ಮೂಗು ಮುಚ್ಚಿಕೊಳ್ಳಬೇಕು. 1890ರ ದಶಕದಲ್ಲಿ ಸಹಕಾರಿ ಸಂಘಗಳು ತೂಕಕ್ಕೆ ಕೊಳ್ಳೋಕೆ ಶುರು ಮಾಡಿದವು. ಕೊನೆಗೆ 1924ರಲ್ಲಿ ಮೊಟ್ಟೆ ಕಾಯಿದೆ ಬಂತು, ರಫ್ತು ಮಾಡೋರು ಪರವಾನಗಿ ತಗೊಂಡು ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ ದರ್ಜೆ ಹಾಕಲೇಬೇಕು.

ನಿದ್ದೆಗಣ್ಣ:
ನೂರು ಮೊಟ್ಟೆ ಅಂದರೆ 120 ಅಂತ ಎಲ್ಲೋ ಓದಿದ್ದೆ. ತಮಾಷೆನಾ?

ಅಮಟೆಕಾಯಿ:
ತಮಾಷೆ ಅಲ್ಲ. ದೊಡ್ಡ ನೂರು, ಆರು ಇಪ್ಪತ್ತು.

ತಕ್ಕಡಿ:
ಅಳತೆ ಅಂದ್ರಲ್ಲ, ಧಾನ್ಯದ್ದು ಕೇಳಿ. ಬೆಲೆ ಹೇಳೋದು "ಬ್ಯಾರಲ್‌ಗೆ ಇಷ್ಟು" ಅಂತ. ಗೋಧಿಯ ಬ್ಯಾರಲ್ 20 ಸ್ಟೋನ್, ಬಾರ್ಲಿಯದು 16, ಓಟ್ಸ್‌ದು 14. ಸ್ಟೋನ್ ಅಂದರೆ 14 ಪೌಂಡ್ ತೂಕ. ಹಳೇ ಪತ್ರಿಕೆಯ ದರಪಟ್ಟಿ ನೋಡಿ ಗೋಧಿಗಿಂತ ಓಟ್ಸ್ ಎಷ್ಟು ಅಗ್ಗ ಅಂತ ಲೆಕ್ಕ ಹಾಕೋರು ಇಲ್ಲೇ ಮುಗ್ಗರಿಸೋದು. ಗೋಧಿ 280 ಪೌಂಡಿಗೆ, ಓಟ್ಸ್ 196 ಪೌಂಡಿಗೆ ಹೇಳಿದ ಬೆಲೆ ಅದು. ಇದರ ಮೇಲೆ ಚೀಲಕ್ಕೆ ಇಷ್ಟು, ತಕ್ಕಡಿಗೆ ಇಷ್ಟು ಅಂತ ಪೌಂಡುಗಟ್ಟಲೆ ಕಡಿತ, ಊರಿಗೊಂದು ಪದ್ಧತಿ. 1852-53ರಲ್ಲಿ ಸಂತೆ-ಮಾರುಕಟ್ಟೆಗಳ ಬಗ್ಗೆ ಸರ್ಕಾರಿ ವಿಚಾರಣೆ ನಡೆದಾಗ ಇಂಥ ದೂರುಗಳೇ ತುಂಬಿದ್ದವು.

ದುಡ್ಡೂ ಹಾಗೇ. 1826ರ ಜನವರಿ ತನಕ ಐರಿಷ್ ಪೌಂಡ್ ಬೇರೆ, ಬ್ರಿಟಿಷ್ ಶಿಲ್ಲಿಂಗಿಗೆ 13 ಐರಿಷ್ ಪೆನ್ಸ್. ಅದಕ್ಕೂ ಹಿಂದಿನ ಅಂಕಿ ತಗೊಂಡು ಹೋಲಿಸೋರು ಹುಷಾರು.

ಬೆಣಚುಕಲ್ಲು:
ಇನ್ನೂ ಹಿಂದಕ್ಕೆ ಹೋದರೆ ಹಸುವೇ ದುಡ್ಡು. ಹಳೇ ಐರಿಷ್ ಕಾನೂನಿನಲ್ಲಿ ದಂಡ, ತೆರ ಎಲ್ಲ ಹಾಲು ಕೊಡೋ ಹಸುವಿನ ಲೆಕ್ಕ. ಒಂದು "ಕುಮಲ್"ಗೆ (ಅದು ಮೌಲ್ಯದ ಅಳತೆ) ಮೂರು ಹಸು ಅನ್ನೋದು ಸಾಮಾನ್ಯ ದರ. ಡಬ್ಲಿನ್‌ನ ವೈಕಿಂಗ್ ರಾಜ ಸಿಟ್ರಿಕ್ ನಾಣ್ಯ ಹೊಡೆಸಿದ್ದು 997ರ ಸುಮಾರಿಗೆ, ಅದೇ ದೇಶದ ಮೊದಲನೇದು.

ಹಳೇಲೆಕ್ಕ:
ಬೆಣಚುಕಲ್ಲು ಸರ್, ಪ್ರಶ್ನೆ 1800ರ ನಂತರದ್ದು. ಸಾವಿರ ವರ್ಷ ಆಚೆಗೆ ಹಾರಿದ್ರಿ 😄

ನನ್ನ ವಾದ ಇಷ್ಟೇ. ಅಂಗಡಿಯ ಅದಲುಬದಲು ಅನ್ನೋದು ನಿಜವಾಗಿ ಉದ್ದರಿ ಪುಸ್ತಕ. ಜೂನ್ ಹೊತ್ತಿಗೆ ಹಳೇ ಆಲೂಗಡ್ಡೆ ಮುಗೀತು, ಹೊಸದು ಆಗಸ್ಟಿಗೆ. ನಡುವಿನ ಜುಲೈ ಹಸಿವಿನ ತಿಂಗಳು. ಆಗ ಅಂಗಡಿಯವನು ಹಿಟ್ಟು ಸಾಲ ಕೊಡ್ತಾನೆ, ನಗದು ಬೆಲೆಗಲ್ಲ, ಮೇಲೆ ಏರಿಸಿ. ವಸಂತದಲ್ಲಿ ಬೀಜ, ಗೊಬ್ಬರವೂ ಹಾಗೇ. ಪುಸ್ತಕ ಅವನ ಕೈಯಲ್ಲಿ, ಗಿರಾಕಿಗೆ ಎಷ್ಟೋ ಸಲ ಓದೋಕೂ ಬರಲ್ಲ. ಶರತ್ಕಾಲಕ್ಕೆ ಕರುವನ್ನೂ ಅವನೇ ಹೇಳಿದ ಬೆಲೆಗೆ ಹಿಡ್ಕೊಳ್ತಾನೆ. ಇಂಥವನನ್ನೇ ಗಾಂಬೀನ್ ಮನುಷ್ಯ ಅಂತ ಬೈತಿದ್ದದ್ದು. ಆ ಪುಸ್ತಕ ಇರೋ ತನಕ ಬೇರೆ ಅಂಗಡಿಗೆ ಹೋಗೋ ಹಾಗಿಲ್ಲ.

ಕಂಬಳಿಗುಡ್ಡ:
ಒಬ್ಬರೂ ಎದುರು ನಿಲ್ಲಲಿಲ್ವಾ?

ಹಳೇಲೆಕ್ಕ:
ನಿಂತರು. ಡೊನೆಗಾಲ್‌ನ ಡಂಗ್ಲೋ ಹತ್ತಿರ 1906ರಲ್ಲಿ ಪ್ಯಾಟ್ರಿಕ್ ಗಲ್ಲಾಹರ್ ಮತ್ತು ಅಕ್ಕಪಕ್ಕದವರು ಟೆಂಪಲ್‌ಕ್ರೋನ್ ಸಹಕಾರ ಸಂಘ ಕಟ್ಟಿದರು. ಶುರು ಮಾಡಿದ್ದು ಗೊಬ್ಬರದಿಂದ: ಎಲ್ಲರ ಬೇಡಿಕೆ ಒಟ್ಟು ಮಾಡಿ ಸಗಟಾಗಿ ತರಿಸಿದರೆ ಅಂಗಡಿಗಿಂತ ಎಷ್ಟು ಅಗ್ಗ ಅನ್ನೋದು ಒಂದೇ ಸಲಕ್ಕೆ ಕಣ್ಣಿಗೆ ಬಿತ್ತು. ಆಮೇಲೆ ದಿನಸಿ, ಮೊಟ್ಟೆ, ಹೆಣಿಗೆ ಎಲ್ಲ. ಅಂಗಡಿಕಾರರು ಸುಮ್ಮನಿರಲಿಲ್ಲ, ಸಗಟು ವ್ಯಾಪಾರಿಗಳ ಮೇಲೆ ಒತ್ತಡ ಹಾಕಿದರು. ಸಂಘ ಈಗಲೂ ಇದೆ.

ದೋಣಿಸಾಲು:
ಪುಸ್ತಕವೇ ಇಲ್ಲದ ವಿನಿಮಯವೂ ಇತ್ತು ಸ್ವಾಮಿ. ಪಶ್ಚಿಮ ತೀರದ ಆರಾನ್ ದ್ವೀಪಗಳಲ್ಲಿ ಸುಡೋಕೆ ಪೀಟ್ (ಜೌಗುನೆಲದಿಂದ ಕಡಿದು ತೆಗೆಯೋ ಉರುವಲು) ಇಲ್ಲ, ಬರೀ ಸುಣ್ಣಕಲ್ಲು. ಎದುರಿನ ಕಾನಮಾರಾದಲ್ಲಿ ಪೀಟ್ ಬೇಕಾದಷ್ಟು, ಸುಣ್ಣ ಇಲ್ಲ, ಅಲ್ಲಿಯ ನೆಲ ಗ್ರಾನೈಟ್. ಒಣಗಿಸಿದ ಪೀಟ್ ತುಂಬಿದ ಹಾಯಿದೋಣಿ ದ್ವೀಪಕ್ಕೆ ಬಂದು ಇಳಿಸಿ, ವಾಪಸ್ ಹೋಗುವಾಗ ಖಾಲಿ ದೋಣಿ ಮಗುಚದೆ ಇರಲಿ ಅಂತ ಸುಣ್ಣಕಲ್ಲು ತುಂಬಿಕೊಳ್ಳೋದು. ಅಲ್ಲಿ ಅದನ್ನು ಸುಟ್ಟು ಹುಳಿನೆಲಕ್ಕೆ ಹಾಕ್ತಿದ್ದರು.

ಹಳೇಲೆಕ್ಕ:
ಆ ಪೀಟ್‌ಗೂ ನಗದು ಕೊಡ್ತಿದ್ದರಲ್ಲ. ಕಲ್ಲು ಬರೀ ಭಾರಕ್ಕೆ.

ದೋಣಿಸಾಲು:
ನಗದೂ ಇತ್ತು, ಇಲ್ಲ ಅನ್ನಲ್ಲ. ಕಲ್ಲು ಬರೀ ಭಾರಕ್ಕೆ ಅನ್ನೋದು ಒಪ್ಪಲ್ಲ, ಬರೀ ಭಾರವಾದರೆ ಸುಟ್ಟು ಹೊಲಕ್ಕೆ ಯಾಕೆ ಹಾಕ್ತಾರೆ? ಇನ್ನು ಕಡಲಪಾಚಿ ಸುಟ್ಟು ಅಯೋಡಿನ್‌ಗೆ ಮಾರ್ತಿದ್ದದ್ದು ಮಾತ್ರ ಪೂರ್ತಿ ನಗದು. ಸುಮಾರು 20 ಟನ್ ಹಸಿ ಪಾಚಿ ಎಳೆದು ಒಣಗಿಸಿ ಸುಟ್ಟರೆ ಒಂದು ಟನ್ ಬೂದಿಗಟ್ಟಿ. ಮಳೆ ತಾಗಿದರೆ ಅಯೋಡಿನ್ ತೊಳೆದುಹೋಗುತ್ತೆ. ದರ್ಜೆ ಹೇಳೋನು ಕೊಳ್ಳೋ ಏಜೆಂಟೇ, ಅವನು "ಕಳಪೆ" ಅಂದರೆ ಇನ್ನೊಬ್ಬ ಗಿರಾಕಿ ಇಲ್ಲ.

ಅಮಟೆಕಾಯಿ:
ಮುಯ್ಯಾಳು ಪದ್ಧತಿನೂ ಸೇರಿಸಿ. ಉಳೋಕೆ ಎರಡು ಕುದುರೆ ಬೇಕು, ಸಣ್ಣ ರೈತನ ಹತ್ತಿರ ಒಂದೇ. ಇಬ್ಬರು ಜೋಡಿ ಕಟ್ಟಿಕೊಂಡು ಇವತ್ತು ನಿನ್ನದು, ನಾಳೆ ನನ್ನದು. ಕುದುರೆಯೇ ಇಲ್ಲದವನು ಕುದುರೆಯ ದಿನಕ್ಕೆ ಆಳಿನ ದಿನಗಳನ್ನು ಕೊಟ್ಟು ತೀರಿಸಬೇಕು. ಲೆಕ್ಕ ಬರೆದಿಡೋದು ಅವಮಾನ, ಮರೆಯೋದು ಅದಕ್ಕಿಂತ ದೊಡ್ಡ ಅವಮಾನ.

ಬೆಣಚುಕಲ್ಲು:
ಮನುಷ್ಯರನ್ನೇ ನಿಲ್ಲಿಸಿ ಕೊಳ್ಳೋ ಸಂತೆ ಬಗ್ಗೆ ಯಾರೂ ಹೇಳಲಿಲ್ಲ. ಸ್ಟ್ರಬೇನ್, ಲೆಟರ್‌ಕೆನ್ನಿ ಊರುಗಳಲ್ಲಿ, ಮತ್ತೆ ಅದೇ ಮೇ, ನವೆಂಬರ್. ಪಶ್ಚಿಮ ಡೊನೆಗಾಲ್‌ನ ಹುಡುಗರು ಬಟ್ಟೆಗಂಟು ಹಿಡಿದು ಬೀದಿಯಲ್ಲಿ ನಿಲ್ಲೋರು. ರೈತ ತೋಳು ಮುಟ್ಟಿ ನೋಡಿ, ನಡೆಸಿ ನೋಡಿ, ಆರು ತಿಂಗಳಿಗೆ ಇಷ್ಟು ಅಂತ ಕುದುರಿಸೋನು. ಒಪ್ಪಿದರೆ ಒಂದು ಶಿಲ್ಲಿಂಗ್ ಮುಂಗಡ, ಗಂಟು ಯಜಮಾನನ ಕೈಗೆ. ಗಂಟು ಕೊಟ್ಟಮೇಲೆ ಓಡೋ ಹಾಗಿಲ್ಲ. ಸಂಬಳ ಆರು ತಿಂಗಳು ಮುಗಿದಮೇಲೆ ಒಟ್ಟಿಗೆ. ನಡುವೆ ಬಿಟ್ಟು ಹೋದರೆ ದುಡಿದದ್ದು ಅಷ್ಟೂ ಹೋಯಿತು. ಕೆಲವು ಯಜಮಾನರು ಕೊನೆಯ ತಿಂಗಳು ಬೇಕಂತಲೇ ಕಿರುಕುಳ ಕೊಡ್ತಿದ್ದದ್ದು ಈ ಲೆಕ್ಕಾಚಾರದಿಂದಲೇ.

ಸಂತೆಪೇಟೆ:
ನಾನು ಕೇಳಿದ್ದಕ್ಕಿಂತ ಹತ್ತು ಪಾಲು ಸಿಕ್ಕಿತು. ಕೊನೆಯದಾಗಿ, ಬೀದಿ ಸಂತೆ ನಿಂತದ್ದು ಯಾವಾಗ? ಲಕ್ ಪೆನಿನೂ ಅದರ ಜೊತೆ ಹೋಯಿತಾ?

ಮೂರನೇಹಲ್ಲು:
1950ರ ದಶಕದಲ್ಲಿ ಸಹಕಾರಿ ಹರಾಜು ಕಟ್ಟೆಗಳು ಬಂದವು. ದನ ತೂಗೋ ಯಂತ್ರ, ಸುತ್ತಲೂ ಬೆಂಚು, ನಡುವೆ ದನ, ಕಚೇರಿಯಿಂದ ಚೆಕ್. ದಲ್ಲಾಳಿಗೆ ಕೆಲಸ ಇಲ್ಲ. ಅಂಗಡಿಯವರು ವಿರೋಧಿಸಿದರು, ಸಂತೆ ದಿನದ ಹೆಂಡದ ವ್ಯಾಪಾರ ಹೋಗುತ್ತಲ್ಲ! ಬ್ಯಾಲಿನಸ್ಲೋದ ಅಕ್ಟೋಬರ್ ಕುದುರೆ ಸಂತೆಯಂಥವು ಈಗಲೂ ಬಯಲಲ್ಲೇ.

ಲಕ್ ಪೆನಿ ಹೋಗಿಲ್ಲ. ಹರಾಜಿನಲ್ಲಿ ಬೆಲೆ ಮೈಕಿನಲ್ಲಿ ಕೂಗಿ ಬೋರ್ಡಿನಲ್ಲಿ ಹಾಕಿದ್ದರೂ, ಮಾರಿದವನು ಆಮೇಲೆ ಕೊಂಡವನನ್ನು ಹುಡುಕಿಕೊಂಡು ಹೋಗಿ ಕೈಗೆ ನೋಟು ತುರುಕೋದು ಇದೆ. ಕೊಡದವನ ದನಕ್ಕೆ ಮುಂದಿನ ಸಲ ಕೂಗೋರು ಕಡಿಮೆ.